ಹೊಗೆಯ ರುಚಿ, ಹೊಗೆಯ ಬೆಲೆ

ನಮ್ಮ ಹಿರಿಯರು ರುಚಿಗಳನ್ನು ಆರೆಂದು ಎಣಿಸಿದರು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಈ ಲೆಕ್ಕದಲ್ಲಿ ಹೊಗೆಗೆ ಸ್ಥಾನವಿಲ್ಲ. ಅಡಿಗೆ ಬಲ್ಲವರೂ ಹೊಗೆಯನ್ನು ಬಹುಮಟ್ಟಿಗೆ ಒಂದು ದೋಷವೆಂದೇ ಬಗೆದಿದ್ದಾರೆ. ಹಾಲಿಗೆ ಹೊಗೆ ಹತ್ತಿದರೆ ಅಂದಿನ ಕಾಫಿ ಕೆಟ್ಟಿತೆಂದೇ ಅರ್ಥ. ಸಾರಿಗೆ ಹತ್ತಿದರೆ ಊಟಕ್ಕೆ ಕುಳಿತವರ ಮುಖ ಸಿಂಡರಿಸುತ್ತದೆ. ಆದರೆ ಅದೇ ಮನೆಯಲ್ಲಿ, ಅದೇ ಒಲೆಯ ಕೆಂಡದಲ್ಲಿ ಬದನೆಕಾಯಿಯನ್ನು ಸುಟ್ಟು ಗೊಜ್ಜು ಮಾಡಿದಾಗ ಆ ಹೊಗೆಯ ಕಂಪಿಗಾಗಿಯೇ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತೇವೆ. ನಿಂಬೆಕಾಯಿಯ ಉಪ್ಪಿನಕಾಯಿ ತುಂಬುವ ಮುನ್ನ ಕೆಂಡದ ಮೇಲೆ ಇಂಗಿನ ಚೂರು ಉದುರಿಸಿ, ಜಾಡಿಯನ್ನು ಅದರ ಮೇಲೆ ಕವುಚಿ ಹೊಗೆ ಹಿಡಿಸುವ ಪದ್ಧತಿಯನ್ನು ನಮ್ಮ ಅಜ್ಜಿಯರು ಬಲ್ಲರು. ಹೊಗೆ ಕರೆಯದೆ ಬಂದರೆ ದೋಷ, ಕರೆಸಿಕೊಂಡು ಬಂದರೆ ಗುಣ. ಅದನ್ನು ಎಷ್ಟು ಹೊತ್ತು ಇರಗೊಡಬೇಕು, ಯಾವಾಗ ಬಾಗಿಲು ತೋರಿಸಬೇಕು ಎಂಬುದನ್ನು ಬಲ್ಲವನೇ ಪಾಕಶಾಸ್ತ್ರವನ್ನು ಬಲ್ಲವನು.

ಈ ಪೀಠಿಕೆಗೆ ಕಾರಣವಿದೆ. ಮೆಕ್ಸಿಕೋ ದೇಶದ ಮೆಸ್ಕಾಲ್ ಎಂಬ ಹೊಗೆಗಂಪಿನ ಮದ್ಯಕ್ಕೆ ಕಿತ್ತಳೆ, ನಿಂಬೆಗಳ ರಸವನ್ನು ಬೆರೆಸಿ ಮಾಡುವ ಕಾಕ್‌ಟೇಲ್ ಈಚಿನ ವರ್ಷಗಳಲ್ಲಿ ಲೋಕದ ದೊಡ್ಡ ನಗರಗಳ ಪಾನಶಾಲೆಗಳನ್ನು ದಾಟಿ ಮನೆಗಳೊಳಕ್ಕೂ ಬಂದಿದೆ. ನಗರಗಳಲ್ಲಿ ದುಡಿಯುವ ತರುಣರು ರಜೆಗೆ ಊರಿಗೆ ಬರುವಾಗ ಈ ಹೊಸ ರುಚಿಯ ಸುದ್ದಿಯನ್ನೂ ಹೊತ್ತು ತರುತ್ತಾರೆ. ಭಾನುವಾರದ ಸಾಹಿತ್ಯ ಪುಟದಲ್ಲಿ ಮದ್ಯದ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಅವರ ಆಕ್ಷೇಪಣೆಗೆ ಮುಂದೆ ಉತ್ತರ ಹೇಳುತ್ತೇನೆ. ಹೊಗೆಯ ಬೆಲೆ ಏನೆಂಬುದನ್ನು ಕಣ್ಣಾರೆ ಕಂಡ ಊರಿನಲ್ಲಿ ಕುಳಿತು ಹೊಗೆಯ ರುಚಿಯನ್ನು ಕುರಿತು ಆಲೋಚಿಸುವುದು ಅಪ್ರಸ್ತುತವಲ್ಲವೆಂದು ನನ್ನ ಅಭಿಪ್ರಾಯ.

ಆ ಊರು ಕೊಪ್ಪ. ಮಲೆನಾಡಿನ ತಾಲ್ಲೂಕು ಕೇಂದ್ರವಾದ ಕೊಪ್ಪವಲ್ಲ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ, ಕಾವೇರಿಯ ದಡದ ಕೊಪ್ಪ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ಹಿಂದಿಕ್ಕಿ ಇಲ್ಲಿಗೆ ಬರುತ್ತದೆ. ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದಾಚೆಗೆ ಕೊಡಗು. ಈಚೆಯ ದಡದಲ್ಲಿ ರಾಗಿ, ಜೋಳ, ಶುಂಠಿಗಳ ಜೊತೆಗೆ ಹೊಗೆಸೊಪ್ಪಿನ ಹೊಲಗಳು. ಆಚೆಯ ದಡದಿಂದ ಮೇಲಕ್ಕೆ ಕಾಫಿಯ ನೆರಳಲ್ಲಿ ಕಿತ್ತಳೆಯ ಮರಗಳು. 1961ರಿಂದ ಬೈಲಕುಪ್ಪೆಯಲ್ಲಿ ನೆಲೆ ಕಂಡುಕೊಂಡ ಟಿಬೆಟನ್ನರ ಮನೆಗಳು ಹತ್ತಿರದಲ್ಲಿಯೇ ಇವೆ. ಹೊಗೆ, ಹಣ್ಣು, ಪಾನ ಈ ಮೂರರ ವಿಚಾರವನ್ನು ಒಟ್ಟಿಗೆ ಎತ್ತಿಕೊಳ್ಳಲು ಇದಕ್ಕಿಂತ ಒಪ್ಪುವ ಸ್ಥಳ ಬೇರೆ ಇರಲಾರದು.

ಮೊದಲು ಮೆಸ್ಕಾಲ್ ಎಂದರೇನೆಂದು ನೋಡೋಣ. ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಲ್ಲಿ ‘ಬೇಯಿಸಿದ ಕತ್ತಾಳೆ’ ಎಂಬುದೇ ಆ ಪದದ ಮೂಲಾರ್ಥ. ಹೌದು, ಕತ್ತಾಳೆಯೇ. ನಮ್ಮ ಹೊಲಗಳ ಬದುವಿನಲ್ಲಿ, ಬೇಲಿಯ ಸಾಲಿನಲ್ಲಿ ಮುಳ್ಳಿನ ಅಂಚಿನ ದಪ್ಪ ಎಲೆಗಳನ್ನು ಚಾಚಿಕೊಂಡು ನಿಂತಿರುವ ಗಿಡದ ದಾಯಾದಿ. ವಹಾಕಾ ಎಂಬ ಪ್ರಾಂತದ ಹಳ್ಳಿಗರು ಈ ಗಿಡವನ್ನು ಆರೆಂಟು ವರ್ಷ ಬೆಳೆಯಗೊಡುತ್ತಾರೆ. ಕೆಲವು ಕಾಡು ಜಾತಿಗಳು ಬಲಿಯಲು ಹದಿನೈದು ಇಪ್ಪತ್ತು ವರ್ಷಗಳೇ ಬೇಕು. ಹೂವಿನ ಕಂಬ ಏಳುವ ಮುನ್ನ ಗಿಡವನ್ನು ಕಡಿದು, ಎಲೆಗಳನ್ನು ಸವರಿ, ನಡುವಿನ ದಪ್ಪ ಗಡ್ಡೆಯನ್ನು ತೆಗೆಯುತ್ತಾರೆ. ನೆಲದಲ್ಲಿ ದೊಡ್ಡ ಗುಂಡಿ ತೋಡಿ, ಸೌದೆ ಉರಿಸಿ, ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಅವುಗಳ ಮೇಲೆ ಗಡ್ಡೆಗಳನ್ನು ಪೇರಿಸಿ, ನಾರು ಚಾಪೆ ಮಣ್ಣುಗಳಿಂದ ಮುಚ್ಚಿ ಮೂರು ನಾಲ್ಕು ದಿವಸ ಹಾಗೆಯೇ ಬಿಡುತ್ತಾರೆ. ಹಸಿಯ ಗಡ್ಡೆಯಲ್ಲಿ ಹುದುಗಿರುವ ಪಿಷ್ಟದಂಥ ಸತ್ವ ಆ ಶಾಖದಲ್ಲಿ ಬೆಂದು ಸಕ್ಕರೆಯಾಗುತ್ತದೆ. ಅದರೊಡನೆ ಸೌದೆಯ ಹೊಗೆ ಅದರ ಒಡಲೊಳಗೆ ಸೇರಿಕೊಳ್ಳುತ್ತದೆ. ಅನಂತರ ಕುದುರೆಯೋ ಹೇಸರಗತ್ತೆಯೋ ಎಳೆಯುವ ಕಲ್ಲಿನ ಗಾಲಿಯಿಂದ ಅರೆದು, ಮರದ ತೊಟ್ಟಿಗಳಲ್ಲಿ ಹುಳಿಯಿಸಿ, ತಾಮ್ರದ ಅಥವಾ ಮಣ್ಣಿನ ಪಾತ್ರೆಗಳಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ಬಾಟಲಿಯಲ್ಲಿ ನಮ್ಮ ಮೂಗಿಗೆ ತಾಗುವ ಹೊಗೆ ಯಾವ ಕಾರ್ಖಾನೆಯ ಸುಗಂಧದ್ರವ್ಯವೂ ಅಲ್ಲ. ಅದು ಆ ಗುಂಡಿಯ ಹೊಗೆ.

ನಮ್ಮ ಕತ್ತಾಳೆಯ ಪೂರ್ವಿಕರೂ ಅಮೆರಿಕಾ ಖಂಡದವರೇ; ಯೂರೋಪಿನವರ ಹಡಗುಗಳ ಹಾದಿಯಿಂದ ಇಲ್ಲಿಗೆ ಬಂದು ದಖ್ಖನಿನ ಬರಡು ನೆಲಕ್ಕೆ ಒಗ್ಗಿಕೊಂಡವರು. ನಾವು ಅದನ್ನು ಬೇಲಿ ಮಾಡಿದೆವು, ನಾರು ತೆಗೆದು ಹಗ್ಗ ಹೊಸೆದೆವು. ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು, ಆ ಹೂವಿನಲ್ಲಿಯೇ ತನ್ನ ಸರ್ವಸ್ವವನ್ನೂ ಸುರಿದು ಸಾಯುವ ಅದರ ಉದ್ದನೆಯ ಕಂಬವನ್ನು ಹಳ್ಳಿಯ ಮಕ್ಕಳೆಲ್ಲ ಬಲ್ಲರು. ಅದರಿಂದ ಪಾನವೊಂದು ಆದೀತೆಂಬ ಎಣಿಕೆ ಮಾತ್ರ ನಮ್ಮಲ್ಲಿ ಬಹುಕಾಲ ಹುಟ್ಟಲಿಲ್ಲ. ದಖ್ಖನಿನ ಕತ್ತಾಳೆಯಿಂದ ಮದ್ಯ ತಯಾರಿಸಿ ಮಾರುವ ಉದ್ಯಮವನ್ನು ಡೆಸ್ಮಂಡ್ ನಜರೆತ್ ಎಂಬವರು ನೆರೆಯ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯಲ್ಲಿ ಕಟ್ಟಿದ್ದು ಈ ಶತಮಾನದಲ್ಲಿ. ಅದನ್ನು ಮೆಸ್ಕಾಲ್ ಎಂದು ಕರೆಯುವಂತಿಲ್ಲ. ಆ ಹೆಸರನ್ನು 1994ರಿಂದ ಮೆಕ್ಸಿಕೋ ಸರ್ಕಾರ ತನ್ನ ಗೊತ್ತಾದ ಪ್ರಾಂತಗಳಿಗೆ ಮಾತ್ರ ಮೀಸಲಾಗಿಸಿದೆ. ಹೆಸರಿಗೂ ಒಂದು ಊರಿರುತ್ತದೆ, ಆ ಊರಿನ ದುಡಿಮೆಗಾರರ ಹಕ್ಕಿರುತ್ತದೆ ಎಂಬ ನ್ಯಾಯ ಇದು. ಹೀಗೆಂದ ಮಾತ್ರಕ್ಕೆ ಬೇಲಿಯ ಕತ್ತಾಳೆಯನ್ನು ಕಡಿದು ಹಿತ್ತಿಲಲ್ಲಿ ಒಲೆ ಹೂಡಲು ಯಾರೂ ಹೊರಡಬಾರದು. ಅದರ ಹಸಿ ರಸ ತಾಗಿದರೆ ಚರ್ಮಕ್ಕೆ ಉರಿ, ತುರಿಕೆ. ಮನೆಯಲ್ಲಿ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಗಿಂತಲೂ ಕಠಿನವಾದ ದಂಡವನ್ನು ವಿಷಮದ್ಯ ತಾನೇ ವಿಧಿಸುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಅಂಥ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಹಳೆಯ ತಲೆಮಾರಿಗೆ ನೆನಪಿದೆ.

ಇನ್ನು ನಮ್ಮ ಸೀಮೆಯ ಹೊಗೆಯ ಕಡೆಗೆ ತಿರುಗೋಣ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಈ ನಾಲ್ಕು ತಾಲ್ಲೂಕುಗಳ ಹಗುರ ಮಣ್ಣು ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದುದು. ಮುಂಗಾರಿನಲ್ಲಿ ನೆಟ್ಟ ಬೆಳೆಯ ಎಲೆಗಳನ್ನು ಬಲಿತ ಹಾಗೆ ಹಾಗೆ ಕೊಯ್ದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಎಲ್ಲರೂ ಕರೆಯುವ ಎತ್ತರದ ಮನೆಯೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಒಲೆಯ ಬಾಯಿ ಹೊರಗಿರುತ್ತದೆ. ಉರಿಯ ಶಾಖ ತಗಡಿನ ದೊಡ್ಡ ಕೊಳವೆಗಳೊಳಗೆ ಹರಿದು ಮನೆಯನ್ನು ಕಾಯಿಸುತ್ತದೆ; ಹೊಗೆ ಮಾತ್ರ ಆ ಕೊಳವೆಯಲ್ಲಿಯೇ ಸುತ್ತಿ ಚಿಮಣಿಯಿಂದ ಆಕಾಶಕ್ಕೆ ಹೋಗಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಅನಂತರ ಆ ಬಣ್ಣ ನಿಲ್ಲಬೇಕು, ಕೊನೆಗೆ ದೇಟು ಒಣಗಬೇಕು. ಐದಾರು ದಿವಸ, ಹಗಲಿರುಳೆನ್ನದೆ, ಶಾಖಮಾಪಕವನ್ನು ನೋಡಿ ನೋಡಿ ಸೌದೆ ಒಟ್ಟುವ ರೈತನಿಗೆ ನಿದ್ದೆಯೆಂಬುದು ಆಗೊಮ್ಮೆ ಈಗೊಮ್ಮೆ ಸಿಗುವ ಭಾಗ್ಯ. ಎಲ್ಲಿಯಾದರೂ ಕೊಳವೆಯಲ್ಲಿ ತೂತು ಬಿದ್ದು ಹೊಗೆ ಒಳನುಗ್ಗಿದರೆ ಎಲೆಯ ಬಣ್ಣವೂ ಕೆಟ್ಟಿತು, ವಾಸನೆಯೂ ಕೆಟ್ಟಿತು. ಹರಾಜು ಮಾರುಕಟ್ಟೆಯಲ್ಲಿ ಆ ಬೇಲಿನ ಬೆಲೆ ಇಳಿಯಿತು.

ವಿಚಿತ್ರವಲ್ಲವೇ? ಹೆಸರಿನಲ್ಲಿಯೇ ಹೊಗೆಯನ್ನು ಹೊತ್ತ ಹೊಗೆಸೊಪ್ಪಿಗೆ ಹೊಗೆ ತಾಗದಂತೆ ನಾವು ಇಲ್ಲಿ ಇರುಳೆಲ್ಲ ಕಾಯುತ್ತೇವೆ. ಭೂಗೋಳದ ಆಚೆಯ ಮಗ್ಗುಲಲ್ಲಿ ವಹಾಕಾದ ರೈತ ತನ್ನ ಗಡ್ಡೆಗೆ ಹೊಗೆ ತಾಗಲೆಂದೇ ಗುಂಡಿಯನ್ನು ಮುಚ್ಚಿ ಕಾಯುತ್ತಾನೆ. ಒಬ್ಬನಿಗೆ ಹೊಗೆ ಶತ್ರು, ಇನ್ನೊಬ್ಬನಿಗೆ ಹೊಗೆಯೇ ಬಂಡವಾಳ. ಆದರೆ ಇಬ್ಬರಿಗೂ ಸಮಾನವಾದುದು ಒಂದಿದೆ, ಅದು ಸೌದೆ. ಒಂದು ಕಿಲೋ ಹೊಗೆಸೊಪ್ಪು ಹದವಾಗಬೇಕಾದರೆ ಹಳೆಯ ಬಗೆಯ ಬ್ಯಾರನ್ನುಗಳಲ್ಲಿ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಕಾಫಿಯ ಸಿಪ್ಪೆ, ತೆಂಗಿನ ಚಿಪ್ಪುಗಳನ್ನು ಉರಿಸುವ ಪ್ರಯತ್ನಗಳು ನಡೆದಿವೆ. ಆದರೂ ಈ ಸೀಮೆಯ ಹುಣಿಸೆ, ಮಾವು, ಬೇಲಿಯ ಮರಗಳು ಎಷ್ಟು ಒಲೆಗಳಿಗೆ ಹೋದುವೆಂಬುದನ್ನು ಊರಿನ ಹಿರಿಯರು ಬೋಳಾದ ಬದುಗಳನ್ನು ತೋರಿಸಿ ಹೇಳಬಲ್ಲರು. ವಹಾಕಾದಲ್ಲಿಯೂ ಕಥೆ ಅದೇ. ಅಧಿಕೃತವಾಗಿ ಪ್ರಮಾಣಿತವಾದ ಮೆಸ್ಕಾಲಿನ ತಯಾರಿಕೆ 2011ರಲ್ಲಿ ಸುಮಾರು 10 ಲಕ್ಷ ಲೀಟರಿನಷ್ಟಿತ್ತು. 2022ರ ಹೊತ್ತಿಗೆ ಅದು 1 ಕೋಟಿ 40 ಲಕ್ಷ ಲೀಟರನ್ನು ಮುಟ್ಟಿತು. ಇಪ್ಪತ್ತು ವರ್ಷ ನಿಧಾನವಾಗಿ ಬಲಿಯುವ ಗಿಡಕ್ಕೆ ಹತ್ತು ವರ್ಷದಲ್ಲಿ ಹದಿನಾಲ್ಕು ಪಾಲು ಬೆಳೆಯುವ ಬಾಯಾರಿಕೆ ಎದುರಾದರೆ ಆಗುವುದೇನು? ಕಾಡಿನ ಕತ್ತಾಳೆ ವಿರಳವಾಗುತ್ತದೆ, ಹೂವಿಗೆ ಬರುವ ಬಾವಲಿಗಳಿಗೆ ಮಕರಂದ ತಪ್ಪುತ್ತದೆ, ಗುಡ್ಡದ ಮರ ಗುಂಡಿಯ ಪಾಲಾಗುತ್ತದೆ.

ಆದಕಾರಣ ನನ್ನ ವಾದದ ಮೊದಲ ಮಾತು ಇದು: ಹೊಗೆಯ ರುಚಿ ಪುಕ್ಕಟೆಯಾಗಿ ಬರುವುದಿಲ್ಲ. ಲೋಟದಲ್ಲಿ ತೇಲಿ ಬರುವ ಆ ಕಂಪಿನ ಹಿಂದೆ ಯಾರದೋ ಕಣ್ಣಿನ ಉರಿ, ಯಾವುದೋ ಗುಡ್ಡದ ಮರ, ಒಂದು ಗಿಡದ ಹತ್ತು ವರ್ಷದ ತಾಳ್ಮೆ ಇದೆ. ಇದನ್ನು ತಿಳಿದವನು ಕುಡಿಯುವುದಾದರೆ ಹನಿ ಹನಿಯಾಗಿ ಕುಡಿಯುತ್ತಾನೆ. ತಿಳಿಯದವನಿಗೆ ಅದು ಮತ್ತೊಂದು ಅಮಲು.

ಎರಡನೆಯ ಮಾತು, ಮಾನ ಅವಮಾನಗಳದು. ಮೆಸ್ಕಾಲ್ ಕೂಡ ಬಹುಕಾಲ ತನ್ನ ದೇಶದಲ್ಲಿಯೇ ಬಡವರ ಪಾನವೆಂದು ಕೀಳಾಗಿ ಕಾಣಿಸಿಕೊಂಡದ್ದು. ಹೊರಗಿನವರು ಹಳ್ಳಿಹಳ್ಳಿಗೆ ಹೋಗಿ, ಬಟ್ಟಿಯ ಒಡೆಯನ ಊರಿನ ಹೆಸರನ್ನೇ ಬಾಟಲಿಯ ಮೇಲೆ ಅಚ್ಚು ಹಾಕಿಸಿ ಮಾರತೊಡಗಿದ ಮೇಲೆ ಅದರ ದೆಸೆ ತಿರುಗಿತು. ನಮ್ಮಲ್ಲಿ ಸಾರಾಯಿಗೆ ಅಂಥ ದೆಸೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಗುತ್ತಿಗೆದಾರನ ಪೊಟ್ಟಣದ ಸಾರಾಯಿಯಲ್ಲಿ ಊರೂ ಇರಲಿಲ್ಲ, ಕೈಗುಣವೂ ಇರಲಿಲ್ಲ. ಇದ್ದುದು ಅಮಲು ಮತ್ತು ಸಾಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಾಗ ಅದನ್ನು ಹೆಚ್ಚು ಹಾರೈಸಿದವರು ಹಳ್ಳಿಯ ಹೆಣ್ಣುಮಕ್ಕಳು. ಕೂಲಿಯ ಹಣ ಮನೆ ಸೇರುವ ಮುನ್ನ ಅಂಗಡಿಯಲ್ಲಿ ಕರಗುವುದನ್ನು ವರ್ಷಾನುಗಟ್ಟಲೆ ಕಂಡವರು ಅವರು. ಪೊಟ್ಟಣ ಹೋಯಿತು, ಬಾಟಲಿ ಉಳಿಯಿತು ಎಂಬುದೂ ಸುಳ್ಳಲ್ಲ. ಮದ್ಯದ ವಿಚಾರವಾಗಿ ಬರೆಯುವ ಯಾವನೇ ಆಗಲಿ ಈ ಹೆಣ್ಣುಮಕ್ಕಳ ಎದುರಿನಲ್ಲಿ ನಿಂತು ಮಾತಾಡುತ್ತಿದ್ದೇನೆಂಬ ಎಚ್ಚರವನ್ನು ಇಟ್ಟುಕೊಳ್ಳಬೇಕು.

ಹಾಗಾದರೆ ಮನೆಯಲ್ಲಿ ಕುಡಿಯಬಹುದೇ ಎಂಬ ಪ್ರಶ್ನೆ ಏಳುತ್ತದೆ. ಕೊಪ್ಪದ ಸುತ್ತ ಇದಕ್ಕೆ ಒಂದೇ ಉತ್ತರವಿಲ್ಲ. ಸೇತುವೆಯಾಚೆಯ ಕೊಡವರಲ್ಲಿ ಗುರುಕಾರಣರಿಗೆ ಎಡೆಯಿಡುವಾಗ ಮದ್ಯಕ್ಕೂ ಸ್ಥಾನವಿದೆ; ಅಲ್ಲಿ ಅದು ಮನೆಯ ಹಿರಿಯರ ಕಣ್ಣೆದುರಿನ ಸಂಗತಿ. ಟಿಬೆಟನ್ನರಲ್ಲಿ ಭಿಕ್ಷುಗಳಿಗೆ ಮದ್ಯ ನಿಷಿದ್ಧ. ಸಂಸಾರಿಗಳ ಮನೆಯಲ್ಲಿ ಹಬ್ಬದ ದಿವಸ ಚಾಂಗ್ ಎಂಬ ಧಾನ್ಯದ ಮದ್ಯವನ್ನು ಕೊಡುವಾಗ ಅತಿಥಿ ಮೂರು ಸಲ ಗುಟುಕರಿಸಬೇಕು, ಪ್ರತಿ ಸಲವೂ ಬಟ್ಟಲನ್ನು ತುಂಬುತ್ತಾರೆ, ಅನಂತರವೇ ಅದನ್ನು ಬರಿದು ಮಾಡಬೇಕೆಂಬ ಕ್ರಮವಿದೆ. ಈಚೆಯ ಮೈಸೂರು ಸೀಮೆಯ ಮಧ್ಯಮವರ್ಗದ ಮನೆಗಳಲ್ಲಿ ಬಾಟಲಿಯೆಂಬುದು ಬೀರುವಿನ ಹಿಂದೆ ಅಡಗಿಸಿಡುವ ವಸ್ತು. ಕ್ರಮವಿರುವಲ್ಲಿ ಮಿತಿಯಿರುತ್ತದೆ, ಕಳ್ಳತನವಿರುವಲ್ಲಿ ಮಿತಿಗೆ ಜಾಗವಿಲ್ಲವೆಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ. ಮದ್ಯಕ್ಕೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಸಂಪ್ರದಾಯದ ಬಟ್ಟಲಿನಲ್ಲಿ ಕುಡಿದರೂ ಯಕೃತ್ತು ರಿಯಾಯಿತಿ ತೋರಿಸುವುದಿಲ್ಲ.

ಇಲ್ಲಿ ಸಾಹಿತ್ಯದ ಓದುಗರಿಗೆ ಒಂದು ಸಂಗತಿಯನ್ನು ನೆನಪು ಮಾಡುವುದು ಉಚಿತ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದು, 1508ರ ಸುಮಾರಿನಲ್ಲಿ ಕಾವ್ಯರಚನೆ ಮಾಡುತ್ತಿದ್ದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ಬರೆದ. ಅದರಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಜೈನನಾದ ಅವನಿಗೆ ಮದ್ಯ ವರ್ಜ್ಯ. ಆದರೆ ಬಗೆಬಗೆಯ ರಸಗಳನ್ನು ಹದವರಿತು ಬೆರೆಸುವ ವಿದ್ಯೆ ಛಂದಸ್ಸಿನಲ್ಲಿ ಹಾಡುವುದಕ್ಕೆ ಯೋಗ್ಯವಾದುದೆಂದು ಅವನು ಬಗೆದ. ಭಾನುವಾರದ ಪುಟದಲ್ಲಿ ಪಾನದ ಮಾತೇಕೆ ಎಂಬ ಆಕ್ಷೇಪಣೆಗೆ ಇದೇ ನನ್ನ ಉತ್ತರ. ಇಂದು ಕಾಕ್‌ಟೇಲ್ ಎಂದು ಹೊಸ ಹೆಸರಿನಿಂದ ಕರೆಯುವ ಕಲೆಯಲ್ಲಿ ಮದ್ಯವನ್ನು ಬಿಟ್ಟು ಉಳಿದುದೆಲ್ಲ ನಮ್ಮ ಪಾನಕದ ಕಲೆಯೇ. ಸಿಹಿಗೆ ಹುಳಿ ಎದುರು ನಿಲ್ಲಬೇಕು, ಹುಳಿಗೆ ಉಪ್ಪು ಜೊತೆಗೊಡಬೇಕು, ಎಲ್ಲಕ್ಕೂ ತಂಪು ಮೇಲ್ವಿಚಾರಣೆ ಮಾಡಬೇಕು. ಶ್ರೀರಾಮನವಮಿಯ ಪಾನಕ ಮಾಡಬಲ್ಲವನಿಗೆ ಇದನ್ನು ಹೊಸದಾಗಿ ಕಲಿಸಬೇಕಾದ್ದಿಲ್ಲ.

ಈಗ ಪಾಕದ ವಿಚಾರ. ವಯಸ್ಸೂ ವಿವೇಕವೂ ಬಂದವರು, ಬಾಟಲಿಯನ್ನು ನ್ಯಾಯವಾಗಿ ಕೊಂಡು ತಂದವರು ಮಾಡುವ ಬಗೆ ಹೀಗೆ. ಒಬ್ಬರಿಗೆ ಮೆಸ್ಕಾಲ್ 45 ಮಿಲಿಲೀಟರ್, ಒಂದು ಕಿತ್ತಳೆ, ಅರ್ಧ ನಿಂಬೆಹಣ್ಣು, ಬೆಲ್ಲದ ನೀರು ಎರಡು ಚಮಚ, ಚಿಟಿಕೆ ಉಪ್ಪು, ಮಂಜುಗಡ್ಡೆ. ತೆಂಗಿನ ಚಿಪ್ಪನ್ನು ಉರಿಸಿ ಜ್ವಾಲೆಯಡಗಿ ಕೆಂಡವಾದ ಮೇಲೆ, ಅಡ್ಡಲಾಗಿ ಕೊಯ್ದ ಕಿತ್ತಳೆಯ ಹೋಳುಗಳನ್ನು ಜಾಲರಿಯ ಮೇಲೆ ಕೊಯ್ದ ಮುಖ ಕೆಳಗಾಗಿ ಇಟ್ಟು ಎರಡು ಮೂರು ನಿಮಿಷ ಸುಡಬೇಕು. ಮುಖ ಕಂದುಬಣ್ಣಕ್ಕೆ ತಿರುಗಿದರೆ ಸಾಕು, ಕರಿಯಾದರೆ ಕಹಿ. ಆರಿದ ಮೇಲೆ ಹಿಂಡಿ ರಸ ತೆಗೆಯಬೇಕು. ನಿಂಬೆಯನ್ನು ಮಾತ್ರ ಸುಡಬಾರದು. ಅದರ ಹಸಿ ಹುಳಿಯೇ ಹೊಗೆಯ ಜಡವನ್ನು ಕತ್ತರಿಸುವ ಅಲಗು. ಎಲ್ಲವನ್ನೂ ಭದ್ರವಾದ ಮುಚ್ಚಳವಿರುವ ಸ್ಟೀಲಿನ ಡಬ್ಬಿಗೆ ಮಂಜುಗಡ್ಡೆಯೊಡನೆ ಸುರಿದು, ಡಬ್ಬಿಯ ಹೊರಮೈ ಕೈಗೆ ಕೊರೆಯುವಷ್ಟು ಹೊತ್ತು, ಅಂದರೆ ಹದಿನೈದು ಎಣಿಸುವವರೆಗೆ ಕುಲುಕಿ, ಚಹಾದ ಜಾಲರಿಯಲ್ಲಿ ಸೋಸಬೇಕು. ಕೆಂಡದ ಹತ್ತಿರ ಬಾಟಲಿಯನ್ನು ತರಬಾರದು. ಮದ್ಯಕ್ಕೆ ಬೆಂಕಿಯೆಂದರೆ ಬಹಳ ಪ್ರೀತಿ.

ಈ ಪ್ರಮಾಣಗಳ ಹಿಂದಿನ ಕಾರಣವನ್ನು ಬಲ್ಲರೆ ಯಾರೂ ಕುರುಡು ಅನುಕರಣೆ ಮಾಡಬೇಕಾಗಿಲ್ಲ. ಮರದೊಳಗಿನ ಲಿಗ್ನಿನ್ ಎಂಬ ವಸ್ತು ಸುಟ್ಟಾಗ ಹುಟ್ಟುವ ಗ್ವಾಯಕಾಲ್ ಮೊದಲಾದ ದ್ರವ್ಯಗಳೇ ಹೊಗೆಯ ಕಂಪಿನ ಮೂಲ. ಅವು ನಾಲಗೆಗೆ ಅಂಟಿಕೊಂಡು ಕೂರುವ ಸ್ವಭಾವದವು. ಹುಳಿ ಬಂದು ಅವನ್ನು ಎಬ್ಬಿಸಬೇಕು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಬೆಲ್ಲಕ್ಕೆ ತನ್ನದೇ ಆದ ಕಬ್ಬಿನ ಗಾಣದ ಕಂಪಿರುವುದರಿಂದ ಬಿಳಿಯ ಸಕ್ಕರೆಗಿಂತ ಅದು ಹೊಗೆಗೆ ಹತ್ತಿರದ ನೆಂಟ. ಕೊಡಗಿನ ಕಿತ್ತಳೆ ಸಿಕ್ಕರೆ ಬೇರೆಯದನ್ನು ಹುಡುಕಬಾರದು. ಸಡಿಲವಾದ ತೆಳು ಸಿಪ್ಪೆ, ಸಿಹಿಯೊಳಗೆ ಅಡಗಿರುವ ಹುಳಿ ಅದರ ಲಕ್ಷಣ. ರೋಗಗಳಿಂದ ತೋಟಗಳು ಕ್ಷೀಣಿಸಿ ಈಗ ಅದು ವಿರಳವಾಗಿದೆ. ಹೆದ್ದಾರಿಯ ಬದಿಯಲ್ಲಿ ಆ ಹೆಸರಿನಿಂದ ಮಾರುವುದೆಲ್ಲ ಅದೇ ಎಂದು ನಂಬುವಂತಿಲ್ಲ. ಇನ್ನೊಂದು ಲೆಕ್ಕ: ನೂರಕ್ಕೆ 42ರಷ್ಟು ಮದ್ಯಸಾರವಿರುವ ಮೆಸ್ಕಾಲ್ 45 ಮಿಲಿಲೀಟರಿನಲ್ಲಿ ಸುಮಾರು 15 ಗ್ರಾಂ ಶುದ್ಧ ಮದ್ಯಸಾರ ದೇಹಕ್ಕೆ ಸೇರುತ್ತದೆ. ಹಣ್ಣಿನ ಸವಿ ಅದನ್ನು ಮರೆಮಾಡುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಆದರೆ ನಾನು ಒತ್ತಿ ಹೇಳಬೇಕೆಂದಿರುವ ಪಾಕ ಇದಲ್ಲ, ಇದರ ತಂಗಿ. ಎರಡು ಸುಟ್ಟ ಕಿತ್ತಳೆಯ ರಸ, ಒಂದು ಹಸಿ ನಿಂಬೆಯ ರಸ, ಬೆಲ್ಲದ ನೀರು, ಉಪ್ಪು, ಚಿಟಿಕೆ ಶುಂಠಿಪುಡಿ, ಗಟ್ಟಿಯಾಗಿ ಕಾಯಿಸಿ ಆರಿಸಿದ ಹಾಲಿಲ್ಲದ ಚಹಾ ಅರ್ಧ ಲೋಟ. ಇವನ್ನು ಬೆರೆಸಿ ತಣ್ಣಗಿಡಬೇಕು. ಚಹಾದ ಒಗರು ಮದ್ಯದ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತದೆ. ಬರಿಯ ಹಣ್ಣಿನ ರಸಕ್ಕೆ ಇಲ್ಲದ ಬೆನ್ನೆಲುಬನ್ನು ಕೊಡುತ್ತದೆ. ಇನ್ನು ಹೊಗೆ. ಉಪ್ಪಿನಕಾಯಿಯ ಜಾಡಿಗೆ ಮಾಡುವಂತೆಯೇ, ಸಣ್ಣ ಕೆಂಡವೊಂದರ ಮೇಲೆ ಒಣಗಿದ ಕಿತ್ತಳೆಯ ಸಿಪ್ಪೆಯ ಚೂರು ಉದುರಿಸಿ, ಮೊದಲೇ ತಣ್ಣಗೆ ಮಾಡಿಟ್ಟ ಪಿಂಗಾಣಿಯ ಅಥವಾ ಸ್ಟೀಲಿನ ಹೂಜಿಯನ್ನು ಅದರ ಮೇಲೆ ಕವುಚಬೇಕು. ಹಿತ್ತಾಳೆ ಬೇಡ, ಹುಳಿಗೆ ಅದು ಒಗ್ಗದು. ತಣ್ಣನೆಯ ಮೈಗೆ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಅರ್ಧ ನಿಮಿಷವಾದ ಮೇಲೆ ಹೂಜಿಯನ್ನೆತ್ತಿ, ಒಡನೆಯೇ ಪಾನಕವನ್ನು ಸುರಿದು, ಬಾಯಿ ಮುಚ್ಚಿ ನಾಲ್ಕು ಸಲ ತಿರುಗಿಸಬೇಕು. ಕಿಟಕಿ ತೆರೆದಿರಲಿ; ಮುಚ್ಚಿದ ಕೋಣೆಯಲ್ಲಿ ಕೆಂಡ ಅಪಾಯಕಾರಿ. ಇಷ್ಟೇ ಕೆಲಸ. ಇದಕ್ಕೆ ಬೇಕಾದುದು ಅಂಗೈಯಗಲದ ಚಿಪ್ಪು, ಗುಡ್ಡದ ಮರವಲ್ಲ. ವಿದ್ಯಾರ್ಥಿ ಮಿತ್ರರಿಗೆ ನಾನು ಹೇಳುವುದು ಈ ಪಾಕವನ್ನೇ. ಇದನ್ನು ಅವರು ತಾಯಿತಂದೆಯರ ಎದುರಿನಲ್ಲಿಯೇ ಮಾಡಬಹುದು, ಅವರಿಗೂ ಒಂದು ಲೋಟ ಕೊಡಬಹುದು.

ಮದ್ಯವಿಲ್ಲದ ಮೇಲೆ ಇದು ಕಾಕ್‌ಟೇಲ್ ಹೇಗಾಯಿತು, ಮೆಸ್ಕಾಲಿನ ಗಾಂಭೀರ್ಯ ಇದಕ್ಕೆಲ್ಲಿ ಬಂದೀತು ಎಂದು ರಸಿಕರೊಬ್ಬರು ಕೇಳಬಹುದು. ಬರುವುದಿಲ್ಲ, ನಿಜ. ಹೊಗೆಯ ಸತ್ವ ಮದ್ಯಸಾರದಲ್ಲಿ ಕರಗಿದಷ್ಟು ಸಲೀಸಾಗಿ ನೀರಿನಲ್ಲಿ ಕರಗದು. ಹತ್ತು ವರ್ಷದ ಗಿಡ, ನಾಲ್ಕು ದಿವಸದ ಗುಂಡಿ, ತಲೆಮಾರುಗಳ ಕೈಗುಣ ಇವುಗಳನ್ನು ಅರ್ಧ ನಿಮಿಷದ ಕೆಂಡ ಸರಿಗಟ್ಟಲಾರದು. ಸರಿಗಟ್ಟಬೇಕೆಂಬ ಹಟವೂ ಬೇಡ. ವಹಾಕಾದ ಪಾನ ವಹಾಕಾದ ನೆಲದ್ದು. ಅದನ್ನು ಎಂದಾದರೊಮ್ಮೆ, ಮಿತವಾಗಿ, ಅದರ ಶ್ರಮವನ್ನು ನೆನೆದು ಸವಿಯುವವರೊಡನೆ ನನಗೆ ಜಗಳವಿಲ್ಲ. ನನ್ನ ಜಗಳವಿರುವುದು ಅದನ್ನು ಸಾವಿರಾರು ರೂಪಾಯಿ ತೆತ್ತು ತಂದು, ಹಣ್ಣಿನ ರಸದಲ್ಲಿ ಮುಳುಗಿಸಿ, ಮೂರನೆಯ ಲೋಟದ ಹೊತ್ತಿಗೆ ಯಾವ ಊರಿನದೆಂಬುದನ್ನೇ ಮರೆಯುವವರೊಡನೆ.

ಮದ್ಯವಿರೋಧಿಗಳಾದ ಹಿರಿಯರು ಇನ್ನೊಂದು ಮಗ್ಗುಲಿನಿಂದ ಕೇಳುತ್ತಾರೆ: ಇಷ್ಟೆಲ್ಲ ಹೇಳಿದ ಮೇಲೆ ಮೊದಲ ಪಾಕವನ್ನು ಬರೆದದ್ದೇಕೆ? ಬಚ್ಚಿಟ್ಟರೆ ಮಾಯವಾಗುವ ವಸ್ತುವಾಗಿದ್ದರೆ ನಾನೂ ಬಚ್ಚಿಡುತ್ತಿದ್ದೆ. ಬೀರುವಿನ ಹಿಂದಿನ ಬಾಟಲಿ ಯಾವ ಮನೆಯನ್ನೂ ಕಾಪಾಡಲಿಲ್ಲ. ಅಳತೆಯ ಲೋಟ ಮೇಜಿನ ಮೇಲೆ, ಮನೆಯಾಕೆಯ ಕಣ್ಣೆದುರಿಗೆ ಇದ್ದರೆ ಅದು ಎಷ್ಟು ಸಲ ತುಂಬಿತೆಂಬುದಕ್ಕೆ ಸಾಕ್ಷಿ ಇರುತ್ತದೆ. ಅಷ್ಟಕ್ಕೂ ಬೇಡವೆಂದು ಆ ಮನೆಯಾಕೆ ಹೇಳಿದರೆ ಅದೇ ಕೊನೆಯ ತೀರ್ಪು. ಅದರ ಮೇಲೆ ಅಪೀಲಿಲ್ಲ. ಮದ್ಯದ ಸುಖದುಃಖಗಳ ಲೆಕ್ಕದಲ್ಲಿ ದುಃಖದ ಪಾಲನ್ನು ಹೊತ್ತವರಿಗೆ ತೀರ್ಪು ಕೊಡುವ ಹಕ್ಕೂ ಸೇರಬೇಕಾದ್ದು ನ್ಯಾಯ.

ಬ್ಯಾರನ್ನಿನ ಉರಿಯ ಮುಂದೆ ರಾತ್ರಿ ಕಳೆದ ರೈತನಿಗೆ ಹೊಗೆಯ ವಿಚಾರವಾಗಿ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಅವನು ಅದನ್ನು ಕೊಳವೆಯೊಳಗೆ ಹಿಡಿದಿಡಬಲ್ಲ, ತೂತಿನಿಂದ ನುಸುಳಿದರೆ ಒಡನೆಯೇ ಗುರುತಿಸಬಲ್ಲ. ಆ ಎಚ್ಚರ ರುಚಿಯ ಜಗತ್ತಿಗೂ ಬರಬೇಕು. ಹೊಗೆ ಎಷ್ಟು ಬೇಕೋ ಅಷ್ಟು, ಎಲ್ಲಿ ಬೇಕೋ ಅಲ್ಲಿ. ಅದಕ್ಕಾಗಿ ಉರಿದ ಸೌದೆಯ ಲೆಕ್ಕ ಮನಸ್ಸಿನಲ್ಲಿ. ಕಾವೇರಿಯ ಒಂದು ದಡದಲ್ಲಿ ಕೆಂಡ, ಇನ್ನೊಂದು ದಡದಲ್ಲಿ ಕಿತ್ತಳೆ ಇರುವ ಊರಿನವರು ಹೊಗೆಯ ಪಾನಕವನ್ನು ಮಾಡಿ ಕುಡಿಯುವುದಕ್ಕೆ ಕಡಲಾಚೆಯ ಬಾಟಲಿಯ ದಾರಿ ಕಾಯಬೇಕಾಗಿಲ್ಲ.